ಮಕ್ಕಳ ಜೀವನಾಂಶದ ಆದೇಶ ಕೈಯಲ್ಲಿದೆ, ದುಡ್ಡು ಮಾತ್ರ ಬರುತ್ತಿಲ್ಲ: ಹಾಸನ, ಚಿಕ್ಕಮಗಳೂರು ಕಡೆ ವಸೂಲಿ ಹೇಗೆ?

ಹೇಮಾವತಿ ದಂಡೆ, ಬೇಲೂರು

ನಮಸ್ಕಾರ. ಬೇಲೂರು, ಆಲೂರು, ಮೂಡಿಗೆರೆ ಕಡೆಯ ಸ್ವಸಹಾಯ ಸಂಘಗಳಲ್ಲಿ ಪದೇ ಪದೇ ಬರುವ ಪ್ರಶ್ನೆ ಇದು. ಮಗುವಿಗೆ ತಿಂಗಳಿಗೆ ಇಷ್ಟು ಅಂತ ಕೋರ್ಟು ಜೀವನಾಂಶ ಬರೆದಿರುತ್ತೆ. ಅಪ್ಪನಾದವನು ಎರಡು ತಿಂಗಳು ಕಟ್ಟಿ ಕೈಬಿಟ್ಟಿರುತ್ತಾನೆ. ತಾಯಿ ಆದೇಶದ ನಕಲನ್ನು ಟ್ರಂಕಿನಲ್ಲಿಟ್ಟುಕೊಂಡು, ಕೋರ್ಟೇ ಹೇಳಿದ ಮೇಲೆ ಕೊಡದೆ ಎಲ್ಲಿಗೆ ಹೋಗ್ತಾನೆ ಅಂತ ಕಾಯ್ತಾ ಇರ್ತಾಳೆ.

ಮೂರು ಥರದ ಅಪ್ಪಂದಿರು ಕಾಣ್ತಾರೆ. ಒಬ್ಬ ಸರ್ಕಾರಿ ನೌಕರ. ಒಬ್ಬನಿಗೆ ಕಾಫಿ ತೋಟ, ಆದರೆ ಪಹಣಿ ತಂದೆ ಹೆಸರಲ್ಲಿ, ಐಟಿ ರಿಟರ್ನ್ಸ್ ನೋಡಿದರೆ ಸೊನ್ನೆ. ಇನ್ನೊಬ್ಬ ಬೆಂಗಳೂರಲ್ಲಿ ಎಲ್ಲೋ ಕೆಲಸಕ್ಕಿದ್ದಾನೆ, ವಿಳಾಸ ಗೊತ್ತಿಲ್ಲ. ಒಬ್ಬೊಬ್ಬರ ವಿಷಯದಲ್ಲೂ ಏನು ಮಾಡಬೇಕು, ಎಲ್ಲಿ ಎಡವುತ್ತಾರೆ ಅಂತ ತಿಳಿದವರು ಬಿಡಿಸಿ ಹೇಳಿ.

ಜೆಎಂಎಫ್‌ಸಿ ಮೆಟ್ಟಿಲು, ಸಕಲೇಶಪುರ

ಅಕ್ಕ, ಎಲ್ಲಕ್ಕಿಂತ ಮೊದಲು ಟ್ರಂಕಿನಲ್ಲಿರುವ ಆ ಆದೇಶದ ದಿನಾಂಕ ನೋಡಿಸಿ. ಕಟ್ಟಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕದಿದ್ದರೆ ಆ ಮೊತ್ತಕ್ಕೆ ಮ್ಯಾಜಿಸ್ಟ್ರೇಟ್ ವಾರಂಟ್ ಹೊರಡಿಸುವಂತಿಲ್ಲ. ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125(3)ರಲ್ಲಿದ್ದ ಈ ಷರತ್ತು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144(3)ರಲ್ಲಿ ಹಾಗೇ ಇದೆ. ಹೊಸ ಸಂಹಿತೆ ಜಾರಿಯಾದದ್ದು 2024ರ ಜುಲೈ 1ರಂದು. ಅದಕ್ಕೂ ಮುಂಚೆ ಹಾಕಿ ನಡೆಯುತ್ತಿದ್ದ ಅರ್ಜಿಗಳು ಹಳೆಯ ಕಲಂನಲ್ಲೇ ಮುಂದುವರಿಯುತ್ತವೆ. ಕಾಗದದ ಮೇಲೆ 125 ಅಂತ ಇದ್ದರೆ ತಪ್ಪು ಅಂದುಕೊಳ್ಳಬೇಡಿ.

ಲೆಕ್ಕ ಹಾಕಿ ತೋರಿಸುತ್ತೇನೆ. ಅರ್ಜಿ ಹಾಕಿದ್ದು 10-6-2023, ಆದೇಶವಾದದ್ದು 10-8-2024, ಮಗುವಿಗೆ ತಿಂಗಳಿಗೆ ₹6,000, ಅರ್ಜಿಯ ದಿನದಿಂದಲೇ ಅನ್ವಯ ಅಂತಿಟ್ಟುಕೊಳ್ಳಿ. ಆದೇಶದ ದಿನಕ್ಕೇ 14 ತಿಂಗಳ ಬಾಕಿ, ₹84,000. ಆಮೇಲೆ ಪ್ರತಿ ತಿಂಗಳ 10ಕ್ಕೆ ₹6,000. ಇವನು ಏನೂ ಕಟ್ಟಲಿಲ್ಲ, ತಾಯಿ 15-9-2025ರಂದು ವಸೂಲಿಗೆ ಹೋದಳು. ಆ ಹೊತ್ತಿಗೆ ಒಟ್ಟು ಬಾಕಿ ₹1,62,000. ಆದರೆ ₹84,000ಕ್ಕೂ 10-9-2024ರ ಕಂತಿಗೂ ವರ್ಷ ದಾಟಿದೆ. ವಾರಂಟಿಗೆ ಸಿಗುವುದು ಉಳಿದ 12 ಕಂತು, ₹72,000 ಮಾತ್ರ. ₹90,000 ಈ ದಾರಿಯಲ್ಲಿ ಕೈಬಿಟ್ಟಂತೆ. ಒಂದೂವರೆ ತಿಂಗಳು ಮುಂಚೆ ಬಂದಿದ್ದರೆ ಪೂರ್ತಿ ಬಾಕಿ ಉಳಿಯುತ್ತಿತ್ತು.

ಆದೇಶವಾದ ಮೇಲೆ ಒಂದು ಕಂತು ತಪ್ಪಿದರೂ ಸಾಕು, ಮೂರು ತಿಂಗಳೊಳಗೆ ವಸೂಲಿ ಅರ್ಜಿ ಹಾಕಿಬಿಡಿ. ಮುಂದಿನ ಬಾಕಿಗೆ ಪ್ರತ್ಯೇಕವಾಗಿ ಹಾಕಬಹುದು, ಇಷ್ಟೇ ಸಲ ಅನ್ನುವ ಮಿತಿಯಿಲ್ಲ.

ಅರ್ಜಿಗೆ ಬೇಕಾದದ್ದು: ಆದೇಶದ ದೃಢೀಕೃತ ನಕಲು, ಕಂತು-ಕಂತಿನ ಬಾಕಿ ಪಟ್ಟಿ, ತಾಯಿಯ ಬ್ಯಾಂಕ್ ಪಾಸ್‌ಬುಕ್ಕಿನ ಆ ಅವಧಿಯ ಪುಟಗಳು, ಅವನ ಈಗಿನ ವಿಳಾಸ ಮತ್ತು ಆಸ್ತಿ ವಿವರ. ಕಲಂ 147ರ ಪ್ರಕಾರ ಆದೇಶದ ಪ್ರತಿಯನ್ನು ಶುಲ್ಕವಿಲ್ಲದೆ ಕೊಡಬೇಕು, ನಕಲು ಶಾಖೆಯಲ್ಲಿ ಕೇಳಿ. ಬಾಕಿ ಪಟ್ಟಿಯಲ್ಲಿ ನಾಲ್ಕು ಕಾಲಂ ಸಾಕು: ಕಂತಿನ ದಿನಾಂಕ, ಬರಬೇಕಾದದ್ದು, ಬಂದದ್ದು, ಬಾಕಿ. 'ಸುಮಾರು ಒಂದೂವರೆ ಲಕ್ಷ' ಅಂತ ಬರೆದರೆ ಅಲ್ಲೇ ಆಕ್ಷೇಪಣೆ ಎದ್ದು ಎರಡು ವಾಯಿದೆ ಹೋಗುತ್ತೆ.

ಕೊಪ್ಪದ ಗುಮಾಸ್ತ

ಮೇಲಿನದಕ್ಕೆ ಸೇರಿಸುತ್ತೇನೆ. ಅರ್ಜಿ ಹಾಕಿದ ತಕ್ಷಣ ಪೊಲೀಸರು ಹಿಡಿದು ತರುತ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ಕ್ರಮ ಹಾಗಿಲ್ಲ.

ಮೊದಲು ನೋಟಿಸು. ಆಮೇಲೆ ದಂಡ ವಸೂಲಿ ಮಾಡುವ ರೀತಿಯಲ್ಲೇ ವಾರಂಟು. ನಮ್ಮ ಕೋರ್ಟುಗಳಲ್ಲಿ ಎಲ್ಲರೂ ಎಫ್‌ಎಲ್‌ಡಬ್ಲ್ಯು (ಫೈನ್ ಲೆವಿ ವಾರಂಟ್) ಅನ್ನುವುದು ಇದಕ್ಕೇ. ಅದು ಅವನ ವ್ಯಾಪ್ತಿಯ ಠಾಣೆಗೆ ಹೋಗುತ್ತೆ. ಅದು ಜಾರಿಯಾದ ಮೇಲೂ ಹಣ ಉಳಿದರೆ ಮಾತ್ರ ಜೈಲಿನ ಮಾತು. ಈ ಹಂತ ಬಿಟ್ಟು ನೇರ ಬಂಧನದ ವಾರಂಟ್ ಪಡೆದರೆ ಮೇಲಿನ ಕೋರ್ಟಿನಲ್ಲಿ ಅದು ನಿಲ್ಲುವುದು ಕಷ್ಟ, ಆರು ತಿಂಗಳ ಶ್ರಮ ನೀರುಪಾಲು.

ಎಫ್‌ಎಲ್‌ಡಬ್ಲ್ಯು ಸೋಲುವುದು ಎಲ್ಲಿ ಅಂದರೆ ಷರಾದಲ್ಲಿ. 'ಸದರಿ ವಿಳಾಸದಲ್ಲಿ ವಾಸವಿಲ್ಲ', 'ಜಪ್ತಿ ಮಾಡಲು ಯಾವುದೇ ಚರಾಸ್ತಿ ಕಂಡುಬಂದಿಲ್ಲ' ಅಂತ ಎರಡು ಸಾಲು ಬರೆದು ವಾಪಸ್ ಬರುತ್ತೆ. ಪೇದೆಗೆ ಏನು ಹುಡುಕಬೇಕು ಅಂತ ಗೊತ್ತಿರುವುದಿಲ್ಲ, ಅರ್ಜಿಯಲ್ಲಿ ಬರೆದಿರುವುದೇ ಇಲ್ಲ. ಬೈಕಿನ ನೋಂದಣಿ ಸಂಖ್ಯೆ, ಪಿಕಪ್ ಇದ್ದರೆ ಅದರದ್ದು, ಮನೆಯಲ್ಲಿರುವ ಫ್ರಿಜ್ಜು, ಟಿವಿ, ಗೋದಾಮಿನಲ್ಲಿ ಎಷ್ಟು ಮೂಟೆ, ಅವನು ಮನೆಯಲ್ಲಿರುವ ಹೊತ್ತು, ಮನೆಯ ಗುರುತು, ಇವಿಷ್ಟನ್ನು ಅರ್ಜಿಯ ಷೆಡ್ಯೂಲಿನಲ್ಲಿ ಬರೆಯಿರಿ. ಷೆಡ್ಯೂಲು ಸರಿಯಾಗಿದ್ದರೆ ಆ ಎರಡು ಸಾಲಿನ ಷರಾ ಬರೆಯುವುದು ಅಷ್ಟು ಸುಲಭವಲ್ಲ.

ಸ್ಥಿರಾಸ್ತಿ ಇದ್ದರೆ ಇನ್ನೊಂದು ದಾರಿ ಅದೇ ಕಾನೂನಿನಲ್ಲಿದೆ, ಬಹಳ ಕಡಿಮೆ ಜನ ಬಳಸುತ್ತಾರೆ. ಸಂಹಿತೆಯ ಕಲಂ 461ರಲ್ಲಿ (ಹಳೆಯದರಲ್ಲಿ 421) ಕೋರ್ಟು ಜಿಲ್ಲಾಧಿಕಾರಿಗೆ ವಾರಂಟ್ ಕಳಿಸಬಹುದು. ಆಗ ಮಗುವಿನ ಬಾಕಿ ಭೂಕಂದಾಯದ ಬಾಕಿಯ ಥರ ವಸೂಲಾಗಬೇಕು, ತಹಶೀಲ್ದಾರರ ಕಚೇರಿ ಮೂಲಕ. ಅರ್ಜಿಯ ಕೋರಿಕೆಯಲ್ಲಿ ಇದನ್ನು ಬಾಯಿಬಿಟ್ಟು ಕೇಳಬೇಕು, ಜೊತೆಗೆ ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಇತ್ತೀಚಿನ ಪಹಣಿ ಇಡಬೇಕು.

ಕೊನೆಯದು: ಯಾವ ವಾಯಿದೆಗೂ ಗೈರಾಗಬೇಡಿ. ಗೈರುಹಾಜರಿಗೆ ಅರ್ಜಿ ವಜಾ ಆದರೆ ಹೊಸದಾಗಿ ಹಾಕುವಷ್ಟರಲ್ಲಿ ಹಳೆಯ ಕಂತುಗಳಿಗೆ ವರ್ಷ ದಾಟಿರುತ್ತೆ. ಇ-ಕೋರ್ಟ್ಸ್ ಆ್ಯಪಿನಲ್ಲಿ 16 ಅಕ್ಷರದ ಸಿಎನ್‌ಆರ್ ಸಂಖ್ಯೆ ಹಾಕಿದರೆ ಮುಂದಿನ ವಾಯಿದೆ ಕಾಣುತ್ತೆ. ಆ ಸಂಖ್ಯೆಯನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ.

ಹೇಮಾವತಿ ದಂಡೆ, ಬೇಲೂರು

ಒಂದು ತಿಂಗಳು ಜೈಲಿಗೆ ಹೋಗಿ ಬಂದರೆ ಸಾಲ ಚುಕ್ತಾ ಅಂತ ಊರಲ್ಲಿ ಹೇಳ್ತಾರೆ. ನಿಜವಾ?

ಜೆಎಂಎಫ್‌ಸಿ ಮೆಟ್ಟಿಲು, ಸಕಲೇಶಪುರ

ಖಂಡಿತ ಸುಳ್ಳು. ಜೈಲು ವಸೂಲಿಯ ಒಂದು ಉಪಾಯ ಅಷ್ಟೇ, ಬಾಕಿ ತೀರಿಸಿದಂತಲ್ಲ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಕುಲದೀಪ್ ಕೌರ್ ಪ್ರಕರಣದಲ್ಲಿ ಹೇಳಿದೆ. ಒಳಗೆ ಹೋಗಿ ಬಂದರೂ ಅಷ್ಟೂ ರೂಪಾಯಿ ಹಾಗೇ ನಿಂತಿರುತ್ತೆ. ಆದರೆ ಒಂದು ಮಿತಿ ಇದೆ. ಒಂದು ಸಲಕ್ಕೆ ಜೈಲು ಗರಿಷ್ಠ ಒಂದು ತಿಂಗಳು, ಅದಾದ ಮೇಲೂ ಕಟ್ಟದಿದ್ದರೆ ಮತ್ತೆ ಅರ್ಜಿ ಹಾಕಬೇಕು ಅಂತ 1999ರ ಶಹಾದಾ ಖಾತೂನ್ ತೀರ್ಪು ಹೇಳುತ್ತೆ.

ಆದ್ದರಿಂದ ಜೈಲನ್ನೇ ಗುರಿ ಮಾಡಿಕೊಳ್ಳಬೇಡಿ. ಅವನು ಒಳಗಿದ್ದಷ್ಟು ದಿನ ಸಂಪಾದನೆಯೂ ಇಲ್ಲ. ವಾರಂಟ್ ಠಾಣೆಗೆ ಬಂದ ಸುದ್ದಿ ತಲುಪಿದಾಗ ಅರ್ಧ ಕಟ್ಟಿ ಉಳಿದದ್ದಕ್ಕೆ ಕಾಲಾವಕಾಶ ಕೇಳುವವರೇ ಹೆಚ್ಚು. ಆಗ ಕೋರ್ಟಿನಲ್ಲೇ ಕಂತು ಬರೆಸಿಕೊಳ್ಳಿ. ಹೊರಗೆ, ಕ್ಯಾಂಟೀನಿನಲ್ಲಿ, ಹಿರಿಯರ ಮುಂದೆ ಆಡಿದ ಮಾತು ಮುಂದಿನ ವಾಯಿದೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಸಂಬಳ ಬಿಲ್ಲು, ಹಾಸನ

ಸರ್ಕಾರಿ ನೌಕರನ ವಿಷಯ. ಇದು ಮೂರರಲ್ಲಿ ಸುಲಭದ್ದು, ಆದರೂ ವರ್ಷಗಟ್ಟಲೆ ಎಳೆಯುತ್ತಾರೆ, ಕಾರಣ ಕಾಗದ ತಪ್ಪು ಟೇಬಲ್ಲಿಗೆ ಹೋಗಿರುತ್ತೆ.

ಸಂಬಳದಿಂದ ಕಡಿಯುವ ಅಧಿಕಾರ ಇರುವುದು ಡಿಡಿಓಗೆ, ಅಂದರೆ ವೇತನ ಬಟವಾಡೆ ಅಧಿಕಾರಿಗೆ. ಶಾಲೆಯ ಮುಖ್ಯೋಪಾಧ್ಯಾಯರಿಗೋ ಡಿಪೋ ಮ್ಯಾನೇಜರಿಗೋ ತಾಯಿ ಕೈಯಾರೆ ಆದೇಶದ ಜೆರಾಕ್ಸ್ ಕೊಟ್ಟರೆ ಅವರು ಏನೂ ಮಾಡಲಾರರು. ಕೋರ್ಟಿನಿಂದ ಡಿಡಿಓ ಹುದ್ದೆಯ ಹೆಸರಿಗೇ ಆದೇಶ ಹೋಗಬೇಕು. ಅದರಲ್ಲಿ ನೌಕರನ ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆ) ಸಂಖ್ಯೆ, ತಿಂಗಳಿಗೆ ಎಷ್ಟು ಚಾಲ್ತಿ ಕಂತು, ಎಷ್ಟು ಹಳೆ ಬಾಕಿ, ಯಾರ ಖಾತೆಗೆ, ಐಎಫ್‌ಎಸ್‌ಸಿ ಏನು ಎಲ್ಲ ಇರಬೇಕು. ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ ಬಿಲ್ಲು ವಾಪಸ್.

ಎಷ್ಟು ಕಡಿಯಬಹುದು? ಸಾಮಾನ್ಯ ಸಾಲದ ಡಿಕ್ರಿಗೆ ಇರುವ ರಕ್ಷಣೆ ಜೀವನಾಂಶದ ಡಿಕ್ರಿಗೆ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 60ರಂತೆ ಜೀವನಾಂಶಕ್ಕೆ ಸಂಬಳದ ಮೂರನೇ ಒಂದು ಭಾಗ ಮಾತ್ರ ಅವನಿಗೆ ಮೀಸಲು, ಉಳಿದ ಮೂರನೇ ಎರಡು ಭಾಗ ಜಪ್ತಿಗೆ ಒಳಪಡುತ್ತೆ. ಜಪ್ತಿಯ ಲೆಕ್ಕಕ್ಕೆ ಬರುವ ಸಂಬಳ ₹30,000 ಇದ್ದರೆ ₹20,000ವರೆಗೆ ಕಡಿಯಬಹುದು. ಸರ್ಕಾರಿ ನೌಕರನಿಗೆ ಅದೇ ಸಂಹಿತೆಯ ಆದೇಶ 21ರ ನಿಯಮ 48, ಖಾಸಗಿ ನೌಕರನಿಗೆ 48ಎ.

'ಕೈಗೆ ಬರೋದೇ ಒಂಬತ್ತು ಸಾವಿರ' ಅನ್ನುವ ವಾದಕ್ಕೆ ಮೋಸ ಹೋಗಬೇಡಿ. ಸಂಬಳದ ಚೀಟಿ ಪೂರ್ತಿ ತರಿಸಿ. ಸೊಸೈಟಿ ಸಾಲ, ಚೀಟಿ ಕಂತು, ಎಲ್‌ಐಸಿ ಪ್ರೀಮಿಯಂ ಇವೆಲ್ಲ ತಾನಾಗಿ ಮಾಡಿಕೊಂಡ ಕಡಿತ, ಅವನ್ನು ಮುಂದಿಟ್ಟು ಮಗುವಿನ ಪಾಲು ಇಳಿಸುವಂತಿಲ್ಲ. ತೆರಿಗೆಯಂಥ ಕಡ್ಡಾಯ ಕಡಿತ ಬೇರೆ. ಸಂಬಳದ ಚೀಟಿ ಅವನೇ ಕೊಡದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 94ರಲ್ಲಿ ಇಲಾಖೆಯಿಂದ ತರಿಸಲು ಅರ್ಜಿ ಹಾಕಿ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ವೈಯಕ್ತಿಕ ಮಾಹಿತಿ ಅಂತ ತಿರಸ್ಕಾರ ಬಂದು ಕಾಲ ಹೋಗುವುದೇ ಜಾಸ್ತಿ.

ವರ್ಗಾವಣೆಯಾದರೆ ಕಡಿತ ನಿಂತುಹೋಗುತ್ತೆ, ಗಮನವಿರಲಿ. ಹೊಸ ಡಿಡಿಓಗೆ ಹೊಸ ಪತ್ರ ಬೇಕಾಗುತ್ತೆ. 'ವರ್ಗಾವಣೆಯಾದಲ್ಲಿ ಕೊನೆಯ ವೇತನ ಪ್ರಮಾಣಪತ್ರದಲ್ಲಿ ಈ ಕಡಿತ ನಮೂದಿಸತಕ್ಕದ್ದು' ಅನ್ನುವ ಸಾಲನ್ನು ಆದೇಶದಲ್ಲೇ ಕೇಳಿಕೊಂಡರೆ ಈ ತಾಪತ್ರಯ ತಪ್ಪುತ್ತೆ.

ಅಂಗನವಾಡಿ ಕಡೆಯಿಂದ, ಅರಸೀಕೆರೆ

ಸಂಬಳದಾರರಿಗೆ ಇನ್ನೂ ಹತ್ತಿರದ ದಾರಿ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ. ಅದರ ಕಲಂ 20ರಲ್ಲಿ ತಾಯಿಗೂ ಮಕ್ಕಳಿಗೂ ಹಣಕಾಸಿನ ಪರಿಹಾರ ಇದೆ. 20(6)ರಲ್ಲಿ ಮ್ಯಾಜಿಸ್ಟ್ರೇಟರು ಅವನ ಮಾಲೀಕನಿಗಾಗಲಿ ಅವನಿಗೆ ಹಣ ಕೊಡಬೇಕಾದವರಿಗಾಗಲಿ 'ನೇರ ಈ ಹೆಣ್ಣುಮಗಳಿಗೆ ಕೊಡಿ, ಇಲ್ಲವೇ ಕೋರ್ಟಿಗೆ ಕಟ್ಟಿ' ಅಂತ ಹೇಳಬಹುದು. ಬೆಂಗಳೂರಿನ ಸೆಕ್ಯುರಿಟಿ ಏಜೆನ್ಸಿಯಾಗಲಿ ಗಾರ್ಮೆಂಟ್ಸಾಗಲಿ ಎಸ್ಟೇಟಾಗಲಿ, ಎಲ್ಲರಿಗೂ ಅನ್ವಯಿಸುತ್ತೆ.

ತಾಲ್ಲೂಕಿನ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ನಮ್ಮಲ್ಲಿ ಸಂರಕ್ಷಣಾಧಿಕಾರಿ. ಅವರ ಕಚೇರಿಯಲ್ಲಿ ಘಟನಾ ವರದಿ ಬರೆಸಿ, ಅದರ ಮೇಲೆ ಕಲಂ 12ರ ಅರ್ಜಿ. ವಕೀಲರ ಫೀಸಿನ ಚಿಂತೆ ಬೇಡ. ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯೇ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಕಲಂ 12ರಲ್ಲಿ ಹಾಗೇ ಇದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತೆ, ಸಹಾಯವಾಣಿ 15100. ಬಡತನದ ಸರ್ಟಿಫಿಕೇಟ್ ತನ್ನಿ ಅಂತ ಯಾರಾದರೂ ಕೇಳಿದರೆ, ಹೆಣ್ಣುಮಕ್ಕಳಿಗೆ ಅದು ಬೇಕಿಲ್ಲ ಅಂತ ಧೈರ್ಯವಾಗಿ ಹೇಳಿ.

ಪಹಣಿ ಕಾಲಂ 11, ಚಿಕ್ಕಮಗಳೂರು

ತೋಟದವರ ವಿಷಯಕ್ಕೆ ಬರ್ತೀನಿ, ನಮ್ಮ ಜಿಲ್ಲೆಯ ನಿಜವಾದ ತೊಡಕು ಇದೇ.

ಐಟಿ ರಿಟರ್ನ್ಸ್ ಸೊನ್ನೆ ಅಂದರೆ ಆದಾಯ ಸೊನ್ನೆ ಅಲ್ಲ ಕಣ್ರೀ. ಬೆಳೆಗಾರ ಚೆರ್ರಿಯನ್ನೋ ಪಾರ್ಚ್‌ಮೆಂಟನ್ನೋ (ಹೊಟ್ಟು ಬಿಡಿಸದ ಒಣ ಬೀಜ) ಹಾಗೇ ಮಾರಿದರೆ ಅದು ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ತಾನೇ ಕ್ಯೂರಿಂಗ್ (ಹೊಟ್ಟು ತೆಗೆದು ಹದಗೊಳಿಸುವುದು) ಮಾಡಿ ಮಾರಿದರೆ 1962ರ ಆದಾಯ ತೆರಿಗೆ ನಿಯಮಗಳ 7ಬಿ ಪ್ರಕಾರ ಶೇ 25ರಷ್ಟು ಮಾತ್ರ ತೆರಿಗೆಯ ಲೆಕ್ಕಕ್ಕೆ, ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಹಾಗಾಗಿ ಇಪ್ಪತ್ತು ಎಕರೆ ರೊಬಸ್ಟಾ ಇದ್ದವನ ರಿಟರ್ನ್ಸಿನಲ್ಲೂ ಏನೂ ಕಾಣದೆ ಇರಬಹುದು. ಕೋರ್ಟಿನ ಮುಂದೆ ಇದನ್ನು ಒಂದು ಪ್ಯಾರಾದಲ್ಲಿ ವಿವರಿಸದಿದ್ದರೆ ಆ ಸೊನ್ನೆಯೇ ಸಾಕ್ಷಿಯಾಗಿ ಕೂತುಬಿಡುತ್ತೆ.

2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ರಜನೀಶ್–ನೇಹಾ ತೀರ್ಪು ಕೊಟ್ಟಿತು. ಜೀವನಾಂಶದ ಪ್ರತಿ ಕೇಸಿನಲ್ಲೂ ಎರಡೂ ಕಡೆಯವರು ಆಸ್ತಿ–ಸಾಲದ ಪ್ರಮಾಣಪತ್ರ ಸಲ್ಲಿಸಲೇಬೇಕು. ಅದರ ಜೊತೆ ಮೂರು ನಮೂನೆ ಇವೆ. ಒಂದನೆಯದು ಸಂಬಳದಾರ, ವ್ಯಾಪಾರಿಗಳಿಗೆ. ಎರಡನೆಯದು ಕೃಷಿಕರಿಗೆ. ತೋಟದವನು ಒಂದನೆಯ ನಮೂನೆ ತುಂಬಿ, 'ಸಂಬಳ: ಇಲ್ಲ' ಅಂತ ಬರೆದು ಜಾರಿಕೊಳ್ಳುವುದು ಸಾಮಾನ್ಯ. ಎರಡನೆಯ ನಮೂನೆಯನ್ನೇ ತುಂಬಲಿ ಅಂತ ಪಟ್ಟು ಹಿಡಿಯಿರಿ. ಅದರಲ್ಲಿ ಜಮೀನಿನ ವಿಸ್ತೀರ್ಣ, ಅವನ ಪಾಲು, ಬೆಳೆ, ಹಿಂದಿನ ಮೂರು ವರ್ಷದ ಆದಾಯ, ಜಾನುವಾರು, ಸಾಲ ಎಲ್ಲ ಬರೆಯಬೇಕು. ಸುಳ್ಳು ಬರೆದರೆ ಕ್ರಮ ಉಂಟು, ಸಲ್ಲಿಸದೆ ಎಳೆದಾಡಿದರೆ ಅವನ ತಕರಾರನ್ನೇ ತೆಗೆದುಹಾಕುವ ಅಧಿಕಾರ ಕೋರ್ಟಿಗಿದೆ.

ನೀವು ಹುಡುಕಬೇಕಾದ ಕಾಗದ: ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಬ್ಯಾಂಕಿನ ಸಾಲ ಎಷ್ಟಿದೆ. ಈ 11ನೇ ಕಾಲಂ ಬಹಳ ಮಾತಾಡುತ್ತೆ. ಹನ್ನೆರಡು ಲಕ್ಷ ಬೆಳೆ ಸಾಲ ಕೊಡುವ ಮುಂಚೆ ಬ್ಯಾಂಕು ಆದಾಯ ಅಂದಾಜು ಮಾಡಿಯೇ ಇರುತ್ತೆ, ಆ ಸಾಲದ ಅರ್ಜಿಯ ಪ್ರತಿಯನ್ನು ಕೋರ್ಟಿನ ಮೂಲಕ ತರಿಸಿ. ಸಾಲ ಬೇಕಾದಾಗ ಬರೆದ ಆದಾಯವೂ ಮಗುವಿಗೆ ಕೊಡಬೇಕಾದಾಗ ಹೇಳುವ ಆದಾಯವೂ ಅಕ್ಕಪಕ್ಕ ಇಟ್ಟು ತೋರಿಸಿದರೆ ಬೇರೆ ವಾದ ಬೇಕಾಗುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಋಣಭಾರ ಪತ್ರ ತೆಗೆಸಿ. ಮ್ಯುಟೇಷನ್ ನೋಡಿ, ಕೇಸು ಬಿದ್ದ ಮೇಲೆ ತಮ್ಮನ ಹೆಸರಿಗೋ ತಂದೆ ಹೆಸರಿಗೋ ದಾನಪತ್ರ ಆಗಿದೆಯಾ ಅಂತ.

ಆಗಿದ್ದರೂ ಎದೆಗುಂದಬೇಡಿ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ ಕಲಂ 28, ಆಸ್ತಿ ವರ್ಗಾವಣೆ ಕಾಯಿದೆಯ ಕಲಂ 39 ಎರಡೂ ಇದಕ್ಕೇ ಇವೆ. ಪುಕ್ಕಟೆಯಾಗಿ ಬರೆಸಿಕೊಂಡವನ ಮೇಲೆ, ಅಥವಾ ಈ ಹಕ್ಕು ಇದೆ ಅಂತ ಗೊತ್ತಿದ್ದೂ ಕೊಂಡವನ ಮೇಲೆ ಆ ಆಸ್ತಿಯ ಮಟ್ಟಿಗೆ ಹಕ್ಕು ನಡೆಯುತ್ತೆ. ಇನ್ನೂ ಗಟ್ಟಿಯಾದದ್ದು ಅಂದರೆ, 1956ರ ಕಾಯಿದೆಯಡಿ ಸಿವಿಲ್ ದಾವೆ ಹಾಕುವಾಗಲೇ ಜೀವನಾಂಶಕ್ಕೆ ಇಂಥ ಸರ್ವೆ ನಂಬರಿನ ಮೇಲೆ ಋಣಭಾರ ಹೇರಿ ಅಂತ ಕೇಳುವುದು. ಡಿಕ್ರಿಯಲ್ಲಿ ಅದು ಬಂದರೆ ಪಹಣಿಯ 11ನೇ ಕಾಲಂನಲ್ಲಿ ನಮೂದು ಮಾಡಿಸಿ. ಮಾರಲು ಹೊರಟಾಗ ಕೊಳ್ಳುವವನ ಕಣ್ಣಿಗೆ ಅದೇ ಮೊದಲು ಬೀಳುತ್ತೆ. ಮ್ಯಾಜಿಸ್ಟ್ರೇಟ್ ಕೋರ್ಟಿನ ತಿಂಗಳ ಆದೇಶದಲ್ಲಿ ಈ ಸೌಲಭ್ಯವಿಲ್ಲ.

ತೋಟ ಅಜ್ಜನ ಕಾಲದ್ದಾಗಿದ್ದು ಪಾಲಾಗಿಲ್ಲದಿದ್ದರೆ, ಮಗುವಿಗೆ ಹುಟ್ಟಿನಿಂದಲೇ ಪಾಲಿರಬಹುದು. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯ ಮೇಲೆ ಹೆಣ್ಣುಮಗುವಿಗೂ ಅಷ್ಟೇ ಪಾಲು. ಅದು ಜೀವನಾಂಶದಿಂದ ಬೇರೆಯೇ ಹಕ್ಕು, ಪಾಲಿನ ದಾವೆ ಬೇರೆಯಾಗಿ ಹಾಕಬೇಕು. ಆಸ್ತಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಅನ್ನುವುದನ್ನು ಹಳೆಯ ಪಾಲುಪತ್ರ, ಹಳೆ ಮ್ಯುಟೇಷನ್ ನೋಡದೆ ಯಾರೂ ಹೇಳಲಾಗದು.

ಇನ್ನು ಸಮಯ. ಅರೇಬಿಕಾ ಕುಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ದುಡ್ಡು ಓಡಾಡುವುದು ಆಗ. ಜುಲೈ ಮಳೆಯಲ್ಲಿ ಜಪ್ತಿಗೆ ಹೋದರೆ ಗೋದಾಮು ಖಾಲಿ, ಖಾತೆ ಖಾಲಿ. ಸಿವಿಲ್ ಅಮಲ್ಜಾರಿಯಲ್ಲಿ ಆದೇಶ 21ರ ನಿಯಮ 46ಎ ಪ್ರಕಾರ ಅವನಿಗೆ ಹಣ ಕೊಡಬೇಕಾದ ಮೂರನೆಯವರಿಗೆ ನೋಟಿಸು ಕೊಡಿಸಬಹುದು. ಕಾಫಿ ಕೊಂಡ ವ್ಯಾಪಾರಿ, ಮೆಣಸು ಕೊಂಡವನು, ಶುಂಠಿಗೆ ಜಮೀನು ಗುತ್ತಿಗೆ ಹಿಡಿದವನು, ಯಾರಾದರೂ ಆಗಬಹುದು. ಅರ್ಜಿ ಅಕ್ಟೋಬರಿಗೇ ಸಿದ್ಧವಿರಲಿ.

ಹೇಮಾವತಿ ದಂಡೆ, ಬೇಲೂರು

ಸಾರ್, 'ಫಸಲು ಬಂದ ಮೇಲೆ ಒಟ್ಟಿಗೆ ಕೊಡ್ತೀನಿ' ಅಂತ ಅವರ ಕಡೆಯವರು ಬಂದು ಕೇಳ್ತಾರೆ. ಒಪ್ಪಬಹುದಾ?

ಪಹಣಿ ಕಾಲಂ 11, ಚಿಕ್ಕಮಗಳೂರು

ಒಪ್ಪುವುದಾದರೆ ಮುಂಗಡ ಅಂತ ಒಪ್ಪಿ. ಈ ಮಾರ್ಚಿನ ದುಡ್ಡಿನಲ್ಲಿ ಬರುವ ಹನ್ನೆರಡು ತಿಂಗಳದ್ದು ಕಟ್ಟಲಿ. ಕಳೆದ ಹನ್ನೆರಡು ತಿಂಗಳದ್ದು ಬರುವ ಮಾರ್ಚಿಗೆ ಅಂದರೆ ಒಂದು ವರ್ಷದ ಗಡುವು ನಿಮ್ಮ ಕೈಯಲ್ಲೇ ಕಳೆದುಹೋಗುತ್ತೆ. ಶಾಲೆಯವರು ಫಸಲು ನೋಡಿಕೊಂಡು ಫೀಸು ಕೇಳುವುದಿಲ್ಲ.

ಕಡೂರು ಬಯಲು

ಒಂದು ತಿದ್ದುಪಡಿ. ಒಂದು ವರ್ಷ ದಾಟಿದರೆ ಹಣವೇ ಹೋಯಿತು ಅನ್ನುವ ಅರ್ಥ ಬರುವಂತೆ ಯಾರೂ ತಿಳಿಯಬಾರದು. ಅದೇ 2020ರ ರಜನೀಶ್–ನೇಹಾ ತೀರ್ಪಿನಲ್ಲಿ ಜೀವನಾಂಶದ ಆದೇಶವನ್ನು ಸಿವಿಲ್ ಕೋರ್ಟಿನ ಹಣದ ಡಿಕ್ರಿಯಂತೆ ಜಾರಿ ಮಾಡಬಹುದು ಎಂದಿದೆ. ಡಿಕ್ರಿ ಅಮಲ್ಜಾರಿಗೆ ಗಡುವು 12 ವರ್ಷ, ಕಂತಿನಲ್ಲಿ ಕೊಡಬೇಕಾದದ್ದಕ್ಕೆ ಆಯಾ ಕಂತು ತಪ್ಪಿದ ದಿನದಿಂದ ಎಣಿಕೆ. ಆ ದಾರಿಯಲ್ಲಿ ಅಮೀನ ಬರುತ್ತಾನೆ, ಆಸ್ತಿ ಜಪ್ತಿ, ಹರಾಜು. ನಿಧಾನ, ಆದರೆ ಮೇಲೆ ಹೇಳಿದ ಆ ₹90,000ಕ್ಕೆ ಇನ್ನೂ ಜೀವ ಇದೆ ಅಂತ ವಾದಿಸಲು ಜಾಗವಿದೆ.

ಆಸ್ತಿ ಬ್ಯಾಂಕಿಗೆ ಅಡವಿದ್ದರೂ ಕೈಚೆಲ್ಲಬೇಡಿ. ಜೀವನಾಂಶದ ಬಾಕಿಗೆ ಸಾಲ ಕೊಟ್ಟವರ ಹಕ್ಕಿಗಿಂತ ಮೊದಲ ಸ್ಥಾನ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಬೆಂಗಳೂರಿನಲ್ಲಿರುವ ಅಪ್ಪನ ಬಗ್ಗೆ: ಆದೇಶ ಬೇಲೂರಿನದ್ದಾದರೂ ಅವನು ಎಲ್ಲಿರುತ್ತಾನೋ ಅಲ್ಲಿಯ ಮ್ಯಾಜಿಸ್ಟ್ರೇಟರು ಜಾರಿ ಮಾಡಬಹುದು, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 147. ಆದರೆ ತಾಯಿ ಪ್ರತಿ ವಾಯಿದೆಗೆ ಬೆಂಗಳೂರಿಗೆ ಓಡಾಡಬೇಕಾಗುತ್ತೆ, ಹಾಗಾಗಿ ಮೊದಲು ಇಲ್ಲಿಂದಲೇ ಆ ಠಾಣೆಗೆ ವಾರಂಟ್ ಕಳಿಸಿ ನೋಡುವುದು ವಾಸಿ. ವಿಳಾಸವೇ ಇಲ್ಲದಿದ್ದರೆ, ಅವನ ಬ್ಯಾಂಕಿನ ಹೆಸರು ಗೊತ್ತಿದ್ದರೂ ಉಪಯೋಗವಿದೆ. ಹಿಂದೆ ಯುಪಿಐನಲ್ಲಿ ಹಾಕಿದ್ದ ಎರಡು ತಿಂಗಳ ಹಣದ ವಿವರ ಪಾಸ್‌ಬುಕ್ಕಿನಲ್ಲಿ ಇರುತ್ತಲ್ಲ, ಆ ಖಾತೆಯ ವಿವರವನ್ನೂ ಕೆಲಸದ ವಿಳಾಸವನ್ನೂ ಬ್ಯಾಂಕಿನಿಂದ ತರಿಸಲು ಕೋರ್ಟನ್ನು ಕೇಳಿ. ಸಂಬಳ ಎಲ್ಲಿಂದ ಬೀಳುತ್ತೆ ಅನ್ನುವುದು ಖಾತೆಯ ಸ್ಟೇಟ್‌ಮೆಂಟಿನಲ್ಲೇ ಸಿಗುತ್ತೆ.

ಭದ್ರಾ ತೀರ, ತರೀಕೆರೆ

ಅಪ್ಪಂದಿರ ಕಡೆಯಿಂದಲೂ ಎರಡು ಮಾತು ಬರಲಿ, ಕಟ್ಟುವ ಮನಸ್ಸಿದ್ದೂ ಸಿಕ್ಕಿಬೀಳುವವರು ಇದ್ದಾರೆ.

ಕೈಯಲ್ಲಿ ನಗದು ಕೊಡಬೇಡಿ. ಬ್ಯಾಂಕಿಗೇ ಹಾಕಿ, ಷರಾದಲ್ಲಿ ತಿಂಗಳ ಹೆಸರು ಬರೆಯಿರಿ. ಶಾಲೆಗೆ ನೇರ ಫೀಸು ಕಟ್ಟಿದ್ದು, ಹಬ್ಬಕ್ಕೆ ಬಟ್ಟೆ ಕೊಡಿಸಿದ್ದು ಇವನ್ನು ಆದೇಶದಲ್ಲಿ ಹೇಳಿರದಿದ್ದರೆ ಜೀವನಾಂಶಕ್ಕೆ ವಜಾ ಹಾಕಿಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ. ಕೆಲಸ ಹೋಯಿತೋ, ಖಾಯಿಲೆ ಬಿತ್ತೋ, ಅದೇ ವಾರ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 146ರಲ್ಲಿ ಮೊತ್ತ ಬದಲಿಸಲು ಅರ್ಜಿ ಹಾಕಿ. ಎರಡು ವರ್ಷ ಸುಮ್ಮನಿದ್ದು, ವಾರಂಟ್ ಬಂದಾಗ 'ಆಗ ಕೆಲಸ ಇರಲಿಲ್ಲ' ಅಂದರೆ ಕೂಡಿದ ಬಾಕಿ ಕರಗುವುದಿಲ್ಲ. ಮೈಯಲ್ಲಿ ಶಕ್ತಿ ಇದ್ದವನು ಕೂಲಿ ಮಾಡಿಯಾದರೂ ಸಾಕಬೇಕು ಅಂತ 2022ರಲ್ಲಿ ಅಂಜು ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಡ್ಡಿ ಮುರಿದಂತೆ ಹೇಳಿದೆ.

ಮಗುವನ್ನು ನೋಡಲು ಬಿಡುತ್ತಿಲ್ಲ, ಆದ್ದರಿಂದ ಕೊಡಲ್ಲ ಅನ್ನುವುದು ನಡೆಯದು. ನೋಡುವ ಹಕ್ಕಿಗೆ ಬೇರೆ ಅರ್ಜಿ ಇದೆ, ಹಾಕಿ. ಹಾಗೇ ದುಡ್ಡು ಬಂದಿಲ್ಲ ಅಂತ ತಾಯಿಯೂ ಕೋರ್ಟು ಬರೆದ ಭೇಟಿ ತಪ್ಪಿಸಬಾರದು. ಎರಡನ್ನೂ ಗಂಟು ಹಾಕಿದರೆ ನಡುವೆ ನಲುಗುವುದು ಮಗು.

ತಾಯಿಗೂ ಸಂಬಳ ಇದ್ದರೆ? ಅಪ್ಪನ ಹೊಣೆ ಹೋಗುವುದಿಲ್ಲ, ಇಬ್ಬರ ಆದಾಯದ ಅನುಪಾತಕ್ಕೆ ಖರ್ಚು ಹಂಚಬಹುದು. ಸಂಬಳದ ಶೇ 25 ಅನ್ನುವ ಮಾತು ಓಡಾಡುತ್ತಲ್ಲ, ಅದು 2017ರಲ್ಲಿ ಒಂದು ಪ್ರಕರಣದ ಹೆಂಡತಿಗೆ ಹೇಳಿದ್ದು. ಮಕ್ಕಳಿಗೆ ಅಂಥ ನಿಗದಿ ಶೇಕಡಾವಾರು ಇಲ್ಲ. ಫೀಸು, ಪುಸ್ತಕ, ಬಸ್ ಪಾಸು, ಟ್ಯೂಷನ್, ಔಷಧಿ ಎಲ್ಲದರ ರಸೀದಿ ಇಟ್ಟು ಕೇಳಿದ್ದಕ್ಕೆ ತೂಕ.

ಮಲ್ಲಿಗೆ ಹೊಳೆ, ಆಲೂರು

ಮುಸ್ಲಿಂ ಮಕ್ಕಳಿಗೆ ಎರಡು ವರ್ಷದವರೆಗೆ ಮಾತ್ರ ಅಂತ ಹೇಳ್ತಾರೆ. ಮದುವೆಯೇ ಆಗದೆ ಹುಟ್ಟಿದ ಮಗುವಿಗೆ ಏನೂ ಇಲ್ಲ ಅಂತಾನೂ ಕೇಳಿದ್ದೇನೆ.

ಜೆಎಂಎಫ್‌ಸಿ ಮೆಟ್ಟಿಲು, ಸಕಲೇಶಪುರ

ಎರಡೂ ತಪ್ಪು ಮೇಡಂ. 1986ರ ಮುಸ್ಲಿಂ ಮಹಿಳೆಯರ (ವಿಚ್ಛೇದನದ ಹಕ್ಕುಗಳ ರಕ್ಷಣೆ) ಕಾಯಿದೆಯಲ್ಲಿ ಇರುವ ಎರಡು ವರ್ಷದ ಮಾತು ತಾಯಿಗೆ ಸಂಬಂಧಿಸಿದ್ದು, ಮಗುವಿನ ಸ್ವಂತ ಹಕ್ಕು 125ರಲ್ಲಿ ಹಾಗೇ ಇದೆ ಅಂತ 1997ರ ನೂರ್ ಸಬಾ ಖಾತೂನ್ ತೀರ್ಪು. ಮದುವೆಯಿಂದಾಚೆ ಹುಟ್ಟಿದ ಮಗುವನ್ನೂ ಕಲಂನಲ್ಲಿ ಹೆಸರಿಸಿಯೇ ಸೇರಿಸಿದ್ದಾರೆ. ಅಪ್ಪ ನಿರಾಕರಿಸಿದರೆ ಪಿತೃತ್ವದ ಸಾಕ್ಷಿ ಬೇಕು. ಡಿಎನ್‌ಎ ಪರೀಕ್ಷೆಯನ್ನು ಕೋರ್ಟು ಕೇಳಿದ ಕೂಡಲೇ ಬರೆಯುವುದಿಲ್ಲ, ಆಸ್ಪತ್ರೆ ದಾಖಲೆ, ತಾಯಿ ಕಾರ್ಡು, ಶಾಲಾ ದಾಖಲಾತಿಯಲ್ಲಿ ಅಪ್ಪನ ಸಹಿ, ಮೆಸೇಜುಗಳು ಇವನ್ನು ಮೊದಲು ಜೋಡಿಸಿ.

ಕೊಪ್ಪದ ಗುಮಾಸ್ತ

ರಾಜಿ ಬಗ್ಗೆ ಯಾರೂ ಬರೆಯಲಿಲ್ಲ. ಲೋಕ ಅದಾಲತ್ತಿನಲ್ಲಿ ಆದ ರಾಜಿಯೂ ಡಿಕ್ರಿಯೇ, ಅದರ ಮೇಲೆ ಅಪೀಲಿಲ್ಲ. ಸಹಿಗೆ ಮುಂಚೆ ಓದಿಸಿ ಕೇಳಿ. 'ಒಂದು ಸಲಕ್ಕೆ ಮೂರು ಲಕ್ಷ, ತಾಯಿಗೂ ಮಗುವಿಗೂ ಸೇರಿ ಪೂರ್ಣ ತೀರುವಳಿ' ಅನ್ನುವ ಸಾಲು ಬಹಳ ರಾಜಿಗಳಲ್ಲಿ ನುಸುಳಿರುತ್ತೆ. ತಾಯಿ ತನ್ನ ಪಾಲು ಬಿಡಬಹುದು. ಮಗುವಿನದ್ದು ಬಿಡಲು ಅವಳಿಗೆ ಅಧಿಕಾರವಿಲ್ಲ. ಸಿವಿಲ್ ದಾವೆಯಲ್ಲಿ ಮೈನರ್ ಪರ ರಾಜಿಗೆ ಆದೇಶ 32ರ ನಿಯಮ 7ರಂತೆ ಕೋರ್ಟಿನ ಅನುಮತಿಯೇ ಬೇಕು. ಮಗುವಿನ ಮೊತ್ತ ಬೇರೆ ಪ್ಯಾರಾದಲ್ಲಿ, ಕಂತಿನ ದಿನಾಂಕ ಸಮೇತ, ತಪ್ಪಿದರೆ ಏನು ಅನ್ನುವುದರ ಸಮೇತ ಬರೆಸಿ. ವರ್ಷಕ್ಕೆ ಇಷ್ಟು ಏರಿಕೆ ಅಂತಲೂ ಸೇರಿಸಿ. ಒಂದನೇ ಕ್ಲಾಸಿನಲ್ಲಿ ಬರೆದ ಮೊತ್ತದಲ್ಲಿ ಪಿಯುಸಿ ಓದಿಸಲು ಆಗುವುದಿಲ್ಲ.

18 ತುಂಬುವ ಮಕ್ಕಳಿದ್ದರೆ ಇದನ್ನೂ ನೋಡಿಕೊಳ್ಳಿ. 125ರ (ಈಗ 144ರ) ಮಕ್ಕಳ ಆದೇಶ ವಯಸ್ಸಿಗೆ ಬಂದಾಗ ನಿಲ್ಲುತ್ತೆ, ಅಂಗವೈಕಲ್ಯ ಇದ್ದವರಿಗೆ ಮುಂದುವರಿಯುತ್ತೆ. ಮದುವೆಯಾಗದ ಹಿಂದೂ ಹೆಣ್ಣುಮಗಳು 1956ರ ಕಾಯಿದೆಯ ಕಲಂ 20(3)ರಲ್ಲಿ ಮುಂದೆಯೂ ಕೇಳಬಹುದು, 2020ರ ಅಭಿಲಾಷಾ ತೀರ್ಪಿನಲ್ಲಿ ಇದು ಸ್ಪಷ್ಟವಾಗಿದೆ. 18 ತುಂಬುವ ಮುಂಚಿನ ಬಾಕಿ ಹಾಗೇ ವಸೂಲಿಗೆ ಉಳಿದಿರುತ್ತೆ.

ಹೇಮಾವತಿ ದಂಡೆ, ಬೇಲೂರು

ಎಲ್ಲರಿಗೂ ಬಹಳ ಉಪಕಾರ ಆಯ್ತು. ಮೂವರ ಆದೇಶಗಳ ದಿನಾಂಕ ತರಿಸಿ ನೋಡಿದೆ. ಒಂದಕ್ಕೆ ವರ್ಷ ತುಂಬುವುದು ಬರುವ ಮೇ ತಿಂಗಳಲ್ಲಿ. ಬೇಸಿಗೆ ರಜೆ ಮುಗಿದ ಮೇಲೆ ಹಾಕಿದರೆ ನಡೆಯುತ್ತಾ?

ಜೆಎಂಎಫ್‌ಸಿ ಮೆಟ್ಟಿಲು, ಸಕಲೇಶಪುರ

ರಜೆಯನ್ನು ನಂಬಬೇಡಿ ಅಕ್ಕ. ಬೇಸಿಗೆ ರಜೆ ಸಿವಿಲ್ ಕೋರ್ಟುಗಳಿಗೆ, ಮ್ಯಾಜಿಸ್ಟ್ರೇಟ್ ಕೋರ್ಟಿನ ಕೆಲಸಕ್ಕೆ ಅದೇ ಲೆಕ್ಕ ಹಿಡಿಯಲಾಗದು. ನಕಲಿಗೆ ಈ ಸೋಮವಾರವೇ ಅರ್ಜಿ ಕೊಡಿಸಿ. ಬೇಲೂರು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಅವತ್ತೇ ಹೋಗಿ ವಕೀಲರನ್ನು ನೇಮಿಸಲು ಬರೆದುಕೊಡಲಿ. ಪಾಸ್‌ಬುಕ್ ಎಂಟ್ರಿ ಹಾಕಿಸಿ, ಬಾಕಿ ಪಟ್ಟಿ ನೀವೇ ಕೂತು ಬರೆಯಿರಿ, ನಾಲ್ಕು ಕಾಲಂ. ಅರ್ಜಿ ಏಪ್ರಿಲ್ ಮೊದಲ ವಾರದೊಳಗೆ ದಾಖಲಾಗಿ ನಂಬರು ಬೀಳಲಿ, ಸ್ವೀಕೃತಿಯ ಮೇಲಿನ ದಿನಾಂಕದ ಸೀಲು ಓದಲು ಬರುವಂತಿದೆಯಾ ನೋಡಿಕೊಳ್ಳಿ.